ಎರಡು ವರ್ಷದ ಊರವರು

ಸೆನೆಗಲ್‌ನ ಹಳ್ಳಿಗೆ ಬಂದಿಳಿದ ಅಮೆರಿಕದ ಸ್ವಯಂಸೇವಕರಿಗೆ ಮೊದಲು ಸಿಗುವುದು ಕೆಲಸವಲ್ಲ, ಹೆಸರು. ಇರಲು ಜಾಗ ಕೊಟ್ಟ ಮನೆಯವರು ತಮ್ಮ ಮನೆತನದ ಹೆಸರಿಟ್ಟು ಕರೆಯುತ್ತಾರೆ; ಅಂದಿನಿಂದ ಆತ ಆ ಮನೆಯ ಮಗ, ಆಕೆ ಆ ಮನೆಯ ಮಗಳು. ಮಧ್ಯಾಹ್ನ ಎಲ್ಲರೂ ಒಂದೇ ದೊಡ್ಡ ಬೋಗುಣಿಯ ಸುತ್ತ ಕೂತು ಮೀನು ಬೆರೆತ ಅನ್ನ ಉಣ್ಣುತ್ತಾರೆ. ತನ್ನ ಮುಂದಿರುವಷ್ಟಕ್ಕೇ ಕೈಹಾಕುವುದು ಅಲ್ಲಿನ ರೀತಿ. ನಡುವಿನ ಮೀನನ್ನು ಮುರಿದು ಅತಿಥಿಯ ಕಡೆ ಸರಿಸುವವಳು ಮನೆಯೊಡತಿ. ಉಂಡ ಮೇಲೆ ‘ಅತ್ತಾಯ’ ಎಂಬ ಚಹಾ. ಮೂರು ಸುತ್ತು, ಮೊದಲನೆಯದು ಕಹಿ, ಕೊನೆಯದು ಸಿಹಿ. ಅದು ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ.

ಇದು ಸೇವೆಯೇ? ಉಣ್ಣುವುದು, ಹರಟುವುದು, ಸಂತೆಗೆ ಹೋಗುವುದು, ಬಿಡುವಿನಲ್ಲಿ ಮುಂದಿನ ಪ್ರವಾಸದ ಲೆಕ್ಕ ಹಾಕುವುದು. ಸರ್ಕಾರದ ಖರ್ಚಿನಲ್ಲಿ ನಡೆಯುವ ದೀರ್ಘ ಪ್ರವಾಸವಲ್ಲವೇ ಎಂಬ ಆಕ್ಷೇಪ ಹಳೆಯದು. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ 1961ರ ಮಾರ್ಚ್ 1ರಂದು, ಈ ಸ್ವಯಂಸೇವಕರನ್ನು ಕಳಿಸುವ ಸರ್ಕಾರಿ ಸಂಸ್ಥೆ ಪೀಸ್ ಕೋರ್ ಅನ್ನು ಸ್ಥಾಪಿಸಿದಾಗಿನಿಂದಲೂ ಅದು ಕೇಳಿಬರುತ್ತಿದೆ.

ಆಕ್ಷೇಪಕ್ಕೆ ಉತ್ತರ ಹುಡುಕುವ ಮುನ್ನ ಆ ಪ್ರವಾಸ ಎಂಥದ್ದೆಂದು ನೋಡಬೇಕು. ಸೇವೆಯ ಅವಧಿ 27 ತಿಂಗಳು. ಅದರಲ್ಲಿ ಮೊದಲ ಮೂರು ತಿಂಗಳು ಭಾಷೆ ಮತ್ತು ಕೆಲಸದ ತರಬೇತಿ. ಆಮೇಲೆ ತಿಂಗಳಿಗೆ ಎರಡು ದಿನದಂತೆ ರಜೆ ಕೂಡುತ್ತದೆ. ಕೈಗೆ ಬರುವುದು ಆ ಊರಿನ ಮಟ್ಟದ ಬದುಕಿಗೆ ಸಾಕಾಗುವಷ್ಟು ಹಣ. ಹಾಗಾಗಿ ಆಗ್ನೇಯ ಮೂಲೆಯ ಕೆಡುಗುವಿನಿಂದ ಸುಮಾರು 700 ಕಿಲೋಮೀಟರ್ ದೂರದ ರಾಜಧಾನಿ ಡಕಾರ್‌ಗೆ ಹೊರಟವರು ಕೂರುವುದು ಊರವರು ಕೂರುವ ಗಾಡಿಯಲ್ಲೇ. ಅದರ ಹೆಸರು ‘ಸೆಪ್ಟ್ ಪ್ಲಾಸ್’, ಎಂದರೆ ಏಳು ಸೀಟು. ಬಹುಕಾಲ ಈ ಹೆಸರಿಗೆ ಅನ್ವರ್ಥವಾಗಿದ್ದದ್ದು ಹಳೆಯ ಪೂಷೊ ಕಾರು. ಏಳನೆಯ ಪ್ರಯಾಣಿಕ ಬರುವ ತನಕ ಅದು ಕದಲುವುದಿಲ್ಲ. ಆ ಕಾಯುವಿಕೆಯಲ್ಲಿ ಕಡಲೆಕಾಯಿಯ ಧಾರಣೆ, ಮಳೆ ತಡವಾದ ಸುದ್ದಿ, ಯಾರದೋ ಮಗಳ ಮದುವೆ ಎಲ್ಲ ಕಿವಿಗೆ ಬೀಳುತ್ತವೆ. ಊರಿನ ನಾಡಿಮಿಡಿತ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಚಿಂತಕ ಇವಾನ್ ಇಲಿಚ್ ಇದನ್ನು ಒಪ್ಪುತ್ತಿದ್ದರೇನೋ. 1968ರ ಏಪ್ರಿಲ್ 20ರಂದು ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ, ಬೇಸಿಗೆ ಸೇವೆಗೆಂದು ಬರುವ ಅಮೆರಿಕದ ವಿದ್ಯಾರ್ಥಿಗಳ ಮುಂದೆಯೇ ಅವರು ನಿಷ್ಠುರವಾಗಿ ಮಾತಾಡಿದರು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಆದರೆ ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಆ ಭಾಷಣದ ತಿರುಳು. ಉದ್ಧಾರದ ಹಮ್ಮನ್ನು ಅವರು ಗುರುತಿಸಿದ್ದು ಸರಿ. ಆದರೆ ಬರೀ ನೋಟವೂ ನಿರಪಾಯವಲ್ಲ. ಇಲಿಚ್ ಮಾತಾಡುವುದಕ್ಕೆ ಏಳು ವರ್ಷ ಮೊದಲು, 1961ರ ಅಕ್ಟೋಬರ್‌ನಲ್ಲಿ, ನೈಜೀರಿಯಾದ ಇಬಾದಾನ್‌ನಲ್ಲಿ ಒಂದು ಪೋಸ್ಟ್‌ಕಾರ್ಡ್ ಗಲಭೆ ಎಬ್ಬಿಸಿತ್ತು. ಆಗಷ್ಟೇ ಬಂದಿದ್ದ ಸ್ವಯಂಸೇವಕಿಯೊಬ್ಬಳು ತಾನು ಕಂಡ ಕೊಳಕು, ಜನ ಬೀದಿಯಲ್ಲೇ ಬದುಕುವ ಬಗೆ ಎಲ್ಲವನ್ನೂ ತನ್ನ ಊರಿನ ಸ್ನೇಹಿತನಿಗೆ ಬರೆದಿದ್ದಳು. ಕಾರ್ಡು ಕೈತಪ್ಪಿ ಅಲ್ಲಿನ ವಿದ್ಯಾರ್ಥಿಗಳಿಗೆ ಸಿಕ್ಕಿತು. ಪ್ರತಿಭಟನೆಯಾಯಿತು, ಆಕೆ ಅಮೆರಿಕಕ್ಕೆ ಮರಳಬೇಕಾಯಿತು. ಆಕೆ ಕೆಟ್ಟವಳಲ್ಲ, ಹೊಸಬಳು. ಹೊಸಬರ ಕಣ್ಣಿಗೆ ಬೀದಿ ಕಾಣುತ್ತದೆ, ಬೀದಿಯಲ್ಲಿರುವ ಮನೆ ಕಾಣಲು ತಿಂಗಳುಗಳು ಬೇಕು. ಎರಡು ವಾರದ ಸೇವಾಪ್ರವಾಸಕ್ಕಿಂತ 27 ತಿಂಗಳ ವಾಸ ಮೇಲು ಎನ್ನಲು ಇದೇ ಕಾರಣ.

ಇಂಥ ವಾಸ ಭಾರತಕ್ಕೂ ಹೊಸತಲ್ಲ. 1961ರಿಂದ 1976ರವರೆಗೆ ಪೀಸ್ ಕೋರ್ ಇಲ್ಲಿತ್ತು. ಆಗಿನ ಮೈಸೂರು ರಾಜ್ಯಕ್ಕೆ ಬಂದವರು ಕನ್ನಡ ಕಲಿತು ಹಳ್ಳಿಗಳಲ್ಲಿ ದುಡಿದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್, ನರ್ಸ್ ಆಗಿದ್ದವರು, 1966ರಲ್ಲಿ ತಮ್ಮ 68ನೆಯ ವಯಸ್ಸಿನಲ್ಲಿ ಮುಂಬಯಿಯ ವಿಕ್ರೋಲಿಗೆ ಬಂದು ಅಲ್ಲಿನ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದರು. ಅವರು ಮನೆಗೆ ಬರೆದ ಕಾಗದಗಳು 1977ರಲ್ಲಿ ಪುಸ್ತಕವಾದವು.

ಆದರೂ ಒಂದು ಅಂತರ ಉಳಿದೇ ಉಳಿಯುತ್ತದೆ. ಒಂದೇ ಬೋಗುಣಿಯಲ್ಲಿ ಉಂಡರೂ, ಒಂದೇ ಗಾಡಿಯಲ್ಲಿ ನುಗ್ಗಾದರೂ ಅದು ಅಳಿಯುವುದಿಲ್ಲ. ಸ್ವಯಂಸೇವಕ ಬೇಕೆಂದಾಗ ಹೊರಟುಬಿಡಬಲ್ಲ. ಅವನನ್ನು ಮಗನೆಂದ ಮನೆಯವರು ಎಲ್ಲಿಗೂ ಹೋಗಲಾರರು. 2020ರ ಮಾರ್ಚ್‌ನಲ್ಲಿ ಕೊರೊನಾ ಹರಡಿದಾಗ ಪೀಸ್ ಕೋರ್ ಸುಮಾರು 60 ದೇಶಗಳಿಂದ 7,000ದಷ್ಟು ಸ್ವಯಂಸೇವಕರನ್ನು ಒಮ್ಮೆಲೇ ವಾಪಸು ಕರೆಸಿಕೊಂಡಿತು. ಎಷ್ಟೋ ಮಂದಿಗೆ ಊರವರಿಗೆ ಸರಿಯಾಗಿ ಹೋಗಿಬರುತ್ತೇನೆ ಎನ್ನಲೂ ಆಗಲಿಲ್ಲ. ಆ ನಿರ್ಧಾರವನ್ನು ತಪ್ಪೆನ್ನಲಾಗದು. ಆದರೆ ಎರಡು ವರ್ಷ ಮರೆಯಲ್ಲಿದ್ದ ಅಸಮಾನತೆ ಆ ಒಂದು ವಾರದಲ್ಲಿ ಬಯಲಿಗೆ ಬಿತ್ತು. ಸ್ವಯಂಸೇವಕರ ಮೊದಲ ತಂಡಗಳು ಮತ್ತೆ ಹೊರನಾಡಿಗೆ ಹೋದದ್ದು 2022ರಲ್ಲಿ.

ಹಾಗಾಗಿ ಸ್ವಯಂಸೇವಕರು ಎಷ್ಟು ಸುತ್ತುತ್ತಾರೆ ಎಂದು ಲೆಕ್ಕ ಕೇಳುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದದ್ದು ಪ್ರಯಾಣ ಏಕೆ ಒಂದೇ ದಿಕ್ಕಿನದು ಎಂದು. ಆ ಮನೆಯ ನಿಜವಾದ ಮಗ ತನ್ನ ಅಮೆರಿಕದ ಅಣ್ಣನನ್ನು ನೋಡಲು ಹೊರಟರೆ, ಮರಳಿ ಬಂದೇ ಬರುತ್ತೇನೆಂದು ವೀಸಾ ಅಧಿಕಾರಿಯ ಮುಂದೆ ರುಜುವಾತು ಮಾಡಬೇಕು: ಕೆಲಸ, ಆಸ್ತಿ, ಸಂಸಾರ. ಮಕ್ಕಳನ್ನು ನೋಡಲು ಹೊರಟು ಚೆನ್ನೈ, ಹೈದರಾಬಾದ್‌ಗಳ ಕಾನ್ಸುಲೇಟ್ ಮುಂದೆ ಫೈಲು ಹಿಡಿದು ನಿಂತ ಕನ್ನಡಿಗ ತಂದೆತಾಯಿಗಳಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಪರಿಹಾರ ಹುಡುಕಿದವರೇ ಇಲ್ಲವೆಂದಲ್ಲ. 1967ರಲ್ಲಿ ಅಮೆರಿಕ ‘ವಾಲಂಟಿಯರ್ಸ್ ಟು ಅಮೆರಿಕ’ ಎಂಬ ಪ್ರಯೋಗ ಶುರುಮಾಡಿತು. ಪೀಸ್ ಕೋರ್ ಯಾವ ದಿಕ್ಕಿಗೆ ಜನರನ್ನು ಕಳಿಸುತ್ತಿತ್ತೋ ಅದಕ್ಕೆ ತಿರುಗುಮುರುಗಾಗಿ, ಬೇರೆ ದೇಶಗಳ ಯುವಜನ ಅಮೆರಿಕಕ್ಕೆ ಹೋಗಿ ಅಲ್ಲಿನ ಶಾಲೆಗಳಲ್ಲಿ ಕಲಿಸಿದರು, ಬಡಾವಣೆಗಳಲ್ಲಿ ಕೆಲಸ ಮಾಡಿದರು. ಕಲಿಸುವವರು ಯಾರು, ಕಲಿಯುವವರು ಯಾರು ಎಂಬ ಹಳೆಯ ಸಾಲು ಅಲ್ಲಿ ಅದಲುಬದಲಾಗಿತ್ತು. ಆ ಪ್ರಯೋಗ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಪೀಸ್ ಕೋರ್ ಮಾತ್ರ ಆರು ದಶಕ ದಾಟಿ ಮುಂದುವರಿದಿದೆ.