ತೆರೆಯ ಮೇಲಿನ ಬಂದೂಕು

ಆಟವು ಬದುಕಿನ ಅನುಕರಣೆ. ಅನುಕರಿಸುವಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಆಟವನ್ನು ಕಟ್ಟುವವನಿಗೂ ಬೇಕು, ಆಡುವವನಿಗೂ ಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಓಣಿಗಳಲ್ಲಿ ಚಿಣಿಕೋಲು ಹಿಡಿಯುತ್ತಿದ್ದ ಕೈಗಳಿಗೆ ಇಂದು ಮೊಬೈಲು ಬಂದಿದೆ. ಅದರ ತೆರೆಯ ಮೇಲೆ ಬಂದೂಕಿನಿಂದ ಗುರಿಯಿಡುವ ಆಟಗಳು ಎಳೆಯರನ್ನು ಬಹುವಾಗಿ ಸೆಳೆದಿವೆ. ಇವನ್ನು ಬರಿದೆ ಹಳಿಯುವುದಕ್ಕಿಂತ ಇವುಗಳ ಒಳಗುಟ್ಟನ್ನು ಅರಿಯುವುದು ಲೇಸು.

ನಿಜವಾದ ಬಂದೂಕು ಕೈಯಲ್ಲಿ ಎಂದೂ ನಿಶ್ಚಲವಾಗಿ ನಿಲ್ಲದು. ಹಿಡಿದವನು ಉಸಿರಾಡಿದಂತೆ ಅದರ ಮೊನೆ ಏರಿಳಿಯುತ್ತದೆ. ತೋಳು ದಣಿದರೆ ತೂಗಾಡುತ್ತದೆ. ಗುಂಡು ಹೊರಟೊಡನೆ ಬಂದೂಕು ಹಿಂದಕ್ಕೆ ಒದೆಯುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ ಪ್ರತಿಕ್ರಿಯೆ ಇದೆಯೆಂದು ನ್ಯೂಟನ್ 1687ರಲ್ಲಿ ಸಾರಿದ ನಿಯಮವೇ ಇದಕ್ಕೆ ಕಾರಣ. 8 ಗ್ರಾಂ ತೂಕದ ಗುಂಡು ಸೆಕೆಂಡಿಗೆ 700 ಮೀಟರ್ ವೇಗದಲ್ಲಿ ಹೊರಟರೆ, ಆ ಗುಂಡೊಂದರಿಂದಲೇ 4 ಕಿಲೋಗ್ರಾಂ ತೂಕದ ಬಂದೂಕಿಗೆ ಸೆಕೆಂಡಿಗೆ 1.4 ಮೀಟರ್‌ನಷ್ಟು ಹಿಂದಿನ ವೇಗ ದೊರೆಯುತ್ತದೆ. ಅದನ್ನು ಹೆಗಲು ತಡೆಯುತ್ತದೆ. ನಳಿಗೆಯು ಹೆಗಲಿನ ಆಸರೆಗಿಂತ ಮೇಲಿರುವುದರಿಂದ ಮೊನೆ ಮೇಲಕ್ಕೆ ನೆಗೆಯುತ್ತದೆ.

ತೆರೆಯ ಮೇಲಿನ ಬಂದೂಕಿಗೆ ತೂಕವಿಲ್ಲ. ಅದನ್ನು ಹಿಡಿದವನಿಗೆ ಉಸಿರೂ ಇಲ್ಲ. ಎರಡನ್ನೂ ಪ್ರೋಗ್ರಾಂ ಬರೆಯುವವನು ಅಂಕಿಗಳಿಂದಲೇ ಕೊಡಬೇಕು. ಉಸಿರಿನ ತೂಗಾಟಕ್ಕೆ ಅವನು ಗಣಿತದ ಅಲೆಗಳನ್ನು ಬಳಸುತ್ತಾನೆ. ಓಡುವಾಗ ಅಲೆಯನ್ನು ಹಿಗ್ಗಿಸುತ್ತಾನೆ, ಕುಳಿತಾಗ ಕುಗ್ಗಿಸುತ್ತಾನೆ. ಪ್ರತಿ ಗುಂಡಿಗೂ ಮೊನೆಯನ್ನು ಇಷ್ಟು ಕೋನ ಮೇಲಕ್ಕೆತ್ತಿ, ಬಳಿಕ ಸ್ಪ್ರಿಂಗಿನಂತೆ ಮೆಲ್ಲನೆ ಮೊದಲಿನ ನೆಲೆಗೆ ತರುತ್ತಾನೆ. 1993ರಲ್ಲಿ ಬಂದ ಡೂಮ್ ಎಂಬ ಆಟದಲ್ಲಿ ಎಷ್ಟು ಗುಂಡು ಹಾರಿಸಿದರೂ ನೋಟ ಮೇಲಕ್ಕೆ ಸರಿಯುತ್ತಿರಲಿಲ್ಲ. 2000ದಲ್ಲಿ ಮಾರಾಟಕ್ಕೆ ಬಂದ ಕೌಂಟರ್ ಸ್ಟ್ರೈಕ್‌ನಲ್ಲಾದರೋ ಎಡೆಬಿಡದೆ ಹಾರಿಸಿದವನ ಗುಂಡುಗಳು ಗುರಿಯಿಂದ ಮೇಲಕ್ಕೆ ಚದುರಿ ಹೋಗುತ್ತಿದ್ದವು.

ಇಂಥ ಅಡ್ಡಿಯನ್ನು ಕೆಲವು ಆಟಗಾರರು ಕಿರುಕುಳವೆಂದು ದೂರುವುದುಂಟು. ಆದರೆ ಆಟದ ಸತ್ಯವಿರುವುದು ಅಲ್ಲಿಯೇ. ಬಲವನ್ನು ಪ್ರಯೋಗಿಸಿದವನು ಅದರ ಬೆಲೆಯನ್ನು ತನ್ನ ಮೈಯಲ್ಲಿಯೇ ತೆರಬೇಕೆಂಬುದನ್ನು ಆ ಒದೆತ ನೆನಪಿಸುತ್ತದೆ. ತಾಳ್ಮೆಯಿಲ್ಲದೆ ಗುರಿ ಸಿಕ್ಕದೆಂಬುದನ್ನು ಆ ತೂಗಾಟ ಕಲಿಸುತ್ತದೆ.

ಆದರೂ ಈ ಸತ್ಯ ಅರ್ಧದ್ದು ಮಾತ್ರ. ಪ್ರೋಗ್ರಾಂ ಬರೆದವನು ಹಾರಿಸಿದವನ ಹೆಗಲಿನ ಲೆಕ್ಕವಿಟ್ಟಿದ್ದಾನೆ. ಗುಂಡು ತಗುಲಿದವನ ಲೆಕ್ಕವಿಟ್ಟಿಲ್ಲ. ಅಲ್ಲಿ ಬಿದ್ದವನು ಮುಂದಿನ ಸುತ್ತಿನಲ್ಲಿ ಮತ್ತೆ ಏಳುತ್ತಾನೆ. ಕೊಪ್ಪಳದ ಕೋಟೆಯ ಕಥೆ ಹಾಗಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು ಆ ಕೋಟೆಯನ್ನು ಹಿಡಿದ ಮುಂಡರಗಿ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಅಲ್ಲಿಯೇ ಹೋರಾಡುತ್ತ ಮಡಿದರು. ಅವರು ಮತ್ತೆ ಏಳಲಿಲ್ಲ. ಅವರಿಗಾಗಿ ಅತ್ತ ಮನೆಗಳ ದುಃಖವನ್ನು ಯಾವ ಅಂಕಿಯಿಂದ ಬರೆಯಲಾದೀತು?

ಆದುದರಿಂದ ವಿದ್ಯಾರ್ಥಿಗಳು ಇಂಥ ಆಟವನ್ನು ಆಡುವುದರಲ್ಲಿಯೇ ತೃಪ್ತರಾಗಬಾರದು. ಅದರ ಹಿಂದಿರುವ ಭೌತಶಾಸ್ತ್ರವನ್ನೂ ಗಣಿತವನ್ನೂ ಕಲಿಯಬೇಕು. ಸಾಧ್ಯವಾದರೆ ತಾವೇ ಒಂದು ಆಟವನ್ನು ಬರೆಯಬೇಕು. ಬರೆಯುವಾಗ ಆ ಅಂಕಿಗಳಿಗೆ ನಿಲುಕದ ನೋವೂ ಜಗತ್ತಿನಲ್ಲಿದೆ ಎಂಬುದನ್ನು ಮರೆಯಬಾರದು.