ಹೇಳಿ ಹೊರಟರೆ ಹುಡುಕುವವರಿರುತ್ತಾರೆ

2003ರ ಏಪ್ರಿಲ್ 26ರಂದು ಅಮೆರಿಕದ ಯೂಟಾದಲ್ಲಿ, ಬ್ಲೂಜಾನ್ ಎಂಬ ಇಕ್ಕಟ್ಟಾದ ಕಮರಿಯೊಳಗೆ ಸುಮಾರು 360 ಕಿಲೋ ತೂಕದ ಬಂಡೆ ಜಾರಿ ಆರನ್ ರಾಲ್‌ಸ್ಟನ್ ಎಂಬ ಯುವಕನ ಬಲಗೈ ಸಿಕ್ಕಿಕೊಂಡಿತು. ಐದು ದಿನ ಒದ್ದಾಡಿ, ಕುಡಿಯುವ ನೀರೂ ಮುಗಿದ ಮೇಲೆ ಆತ ಮುಂಗೈಯ ಎರಡೂ ಮೂಳೆ ಮುರಿದುಕೊಂಡು, ಮೊಂಡು ಚಾಕುವಿನಿಂದ ಕೈ ಕತ್ತರಿಸಿಕೊಂಡು ಹೊರಬಂದ. ಈ ಘಟನೆಯನ್ನೇ ಆಧರಿಸಿದ ‘127 ಅವರ್ಸ್’ ಸಿನಿಮಾ ನೋಡಿದವರೆಲ್ಲ ಆ ಗಟ್ಟಿ ಗುಂಡಿಗೆಯನ್ನು ಕೊಂಡಾಡುತ್ತಾರೆ. ಕೊಂಡಾಡಬೇಕಾದದ್ದೇ. ಆದರೆ ಅಷ್ಟೊಂದು ಧೈರ್ಯ ಬೇಕಾದದ್ದಾದರೂ ಏಕೆ? ಎಲ್ಲಿಗೆ ಹೋಗುತ್ತಿದ್ದೇನೆಂದು ಆತ ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಬರಲಿಲ್ಲವೆಂದು ಗೊತ್ತಾದ ಮೇಲಷ್ಟೇ ಹುಡುಕಾಟ ಶುರುವಾಯಿತು. ಕೊನೆಗೆ ರಕ್ತ ಸುರಿಸುತ್ತ ನಡೆಯುತ್ತಿದ್ದವನನ್ನು ಆಸ್ಪತ್ರೆಗೆ ಒಯ್ದದ್ದು ಅವನನ್ನೇ ಅರಸಿ ಬಂದಿದ್ದ ಹೆಲಿಕಾಪ್ಟರ್. ಹೊರಡುವ ಮುನ್ನ ಒಂದು ಮಾತು ಹೇಳಿದ್ದರೆ ಅದು ಬಹುಶಃ ದಿನಗಟ್ಟಲೆ ಮೊದಲೇ ಬರುತ್ತಿತ್ತು.

ಅಪಘಾತ ಹೇಳಿ ಕೇಳಿ ಬರುತ್ತದೆಯೇ, ಆಗ ಮನೋಬಲವೇ ಅಲ್ಲವೇ ಗತಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1971ರ ಡಿಸೆಂಬರ್ 24ರಂದು ಪೆರುವಿನಲ್ಲಿ 92 ಜನರಿದ್ದ ವಿಮಾನ ಸಿಡಿಲು ಬಡಿದು ಆಕಾಶದಲ್ಲೇ ಛಿದ್ರವಾಯಿತು. ಬದುಕಿ ಮರಳಿದವಳು 17ರ ಹುಡುಗಿ ಯೂಲಿಯಾನೆ ಕೋಪ್ಕೆ ಒಬ್ಬಳೇ. ಆಕೆಯ ಛಲ ದೊಡ್ಡದು. ಆದರೆ ದಾರಿ ತೋರಿದ್ದು ಕಾಡಿನ ಸಂಶೋಧನಾ ಕೇಂದ್ರದಲ್ಲಿ ಅಪ್ಪ ಅಮ್ಮನಿಂದ ಕಲಿತ ವಿದ್ಯೆ. ತೊರೆ ಹಿಡಿದು ನಡೆದರೆ ಹೊಳೆ, ಹೊಳೆಯ ದಡದಲ್ಲಿ ಜನ ಎಂಬುದು ಆಕೆಗೆ ಗೊತ್ತಿತ್ತು. ಕನ್ನಡಕ ಕಳೆದುಹೋಗಿತ್ತು, ಕಾಲಿಗೆ ಉಳಿದದ್ದು ಒಂದೇ ಚಪ್ಪಲಿ. ತೋಳಿನ ಗಾಯದಲ್ಲಿ ಹುಳ ಬಿದ್ದಾಗ, ಅಪ್ಪ ನಾಯಿಗೆ ಮಾಡಿದ್ದನ್ನು ನೆನೆದು, ಗುಡಿಸಲೊಂದರ ಬಳಿ ಸಿಕ್ಕ ಇಂಧನವನ್ನೇ ಸುರಿದುಕೊಂಡಳು. 11ನೇ ದಿನ ಮರ ಕಡಿಯುವವರ ಕಣ್ಣಿಗೆ ಬಿದ್ದಳು. ಆ ಕಾಡಿನಲ್ಲೂ ಆಕೆಯ ನೆರವಿಗೆ ಬಂದದ್ದು ಬೇರೆಯವರು ಕಲಿಸಿದ್ದು.

ಹೇಳಿ ಹೊರಡಬೇಕೆಂಬ ಮಾತು ನಮ್ಮ ಪಶ್ಚಿಮಘಟ್ಟದ ಚಾರಣಿಗರಿಗೂ ಅನ್ವಯಿಸುತ್ತದೆ. ಕುಮಾರ ಪರ್ವತಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕೆಂದರೆ ಅದು ಕಿರಿಕಿರಿ, ಕಾಡು ಎಲ್ಲರದೂ ಎಂಬ ಆಕ್ಷೇಪವಿದೆ. ಹೌದು, ಕಾಡು ಎಲ್ಲರದೂ. ಆದರೆ ತಪಾಸಣಾ ಠಾಣೆ ತಪ್ಪಿಸಿ ಕಳ್ಳದಾರಿ ಹಿಡಿದವರು ದಾರಿ ತಪ್ಪಿದರೆ, ಮಳೆಯಲ್ಲಿ ಕಾಡು ಜಾಲಾಡುವವರು ಕಾವಲುಗಾರರು ಮತ್ತು ಊರಿನವರು. ಯಾವ ದಿಕ್ಕಿಗೆ ಹೋಗಬೇಕೆಂಬುದೂ ಅವರಿಗೆ ತಿಳಿದಿರುವುದಿಲ್ಲ. ಇಲಾಖೆಗೂ ಒಂದು ಮಾತು: ಹಣ ಪಡೆದು ಚೀಟಿ ಕೊಟ್ಟರೆ ಸಾಲದು. ಹೋದವರ ದಾರಿ, ಮರಳುವ ಹೊತ್ತು, ಮನೆಯವರ ಫೋನ್ ನಂಬರ್ ಬರೆದುಕೊಳ್ಳಬೇಕು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಆಗಲೇ ಫೋನ್ ಮಾಡಬೇಕು.