ದರಗಿಗೆ ಹೋಗುವವರ ಜೀವಕ್ಕೆ ಯಾರು ಹೊಣೆ?

ಮಳೆ ಹಿಂದೆ ಸರಿದಿದೆ. ಮಲೆನಾಡಿನ ತೋಟಗಳಲ್ಲಿ ಅಡಿಕೆ ಕೊಯ್ಲು ಶುರುವಾಗಿದೆ. ಇನ್ನು ಕೆಲವೇ ವಾರಗಳಲ್ಲಿ ಎಲೆ ಉದುರಿ ಕಾಡಿನ ನೆಲ ಮುಚ್ಚಿಹೋಗುತ್ತದೆ. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ ಹಾಕಲು ಈ ಒಣ ಎಲೆ, ಅಂದರೆ ದರಗು ಬೇಕೆಂದು ಹೆಂಗಸರು ಬುಟ್ಟಿ ಹಿಡಿದು ಹೊರಡುತ್ತಾರೆ. ಆ ಎಲೆಗಳ ನಡುವೆ ಎಳ್ಳುಕಾಳಿನಷ್ಟೂ ದಪ್ಪವಿಲ್ಲದ ಉಣುಗಿನ ಮರಿಗಳು ಕಾದು ಕೂತಿರುತ್ತವೆ. ನವೆಂಬರಿನಿಂದ ಮೇವರೆಗೆ ಅವು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ.

ಇದು ನಮಗೆ ಹೊಸ ಸುದ್ದಿಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಾಣುವನ್ನೂ ಅದನ್ನು ಹೊತ್ತು ತರುವ ಉಣುಗನ್ನೂ ಗುರುತಿಸಿದರು. ಆಮೇಲೆ ಕಾಯಿಲೆ ಉತ್ತರ ಕನ್ನಡಕ್ಕೆ ಹೋಯಿತು, ಎಂಬತ್ತರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಾಡಂಚಿಗೆ ಇಳಿಯಿತು, ಇತ್ತೀಚೆಗೆ ಬಂಡೀಪುರ, ವಯನಾಡು, ಗೋವೆಯ ಗೇರುತೋಟಗಳವರೆಗೂ ಹಬ್ಬಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮನೆಮನೆಯಲ್ಲಿ ಜನ ಹಾಸಿಗೆ ಹಿಡಿದರು, ಹಲವರು ತೀರಿಕೊಂಡರು. ಇಷ್ಟೆಲ್ಲ ಕಂಡ ಮೇಲೂ ಪ್ರತಿ ವರ್ಷ ನಾವು ಮೊದಲ ಸಾವಿನ ಸುದ್ದಿ ಬರುವವರೆಗೆ ಕೈಕಟ್ಟಿ ಕೂರುತ್ತೇವೆ. ಗೊತ್ತಿದ್ದೂ ಕೂರುವುದನ್ನು ಅಜ್ಞಾನವೆಂದು ಹೇಳಿ ತಪ್ಪಿಸಿಕೊಳ್ಳಲಾಗದು.

ತೋಟದ ಯಜಮಾನರೇ, ನನ್ನ ಮೊದಲ ಮಾತು ನಿಮಗೆ. ಕಾಡಿಗೆ ಹೋಗುವವರು ಯಾರು ಎಂದು ಒಮ್ಮೆ ಕಣ್ಣೆತ್ತಿ ನೋಡಿ. ಹೆಚ್ಚಿನಂಶ ಕೂಲಿಯವರು, ಅವರಲ್ಲೂ ಹೆಂಗಸರು. ಬರಿಗಾಲು, ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ, ತೋಳು ಮುಚ್ಚದ ಮೈಮೇಲೆ ಹೊರೆ. ಅವರು ತರುವ ದರಗು ನಮ್ಮ ಕೊಟ್ಟಿಗೆಗೆ, ನಮ್ಮ ಮರಗಳ ಬುಡಕ್ಕೆ. ಉಣುಗು ಕಚ್ಚುವುದು ಮಾತ್ರ ಅವರನ್ನು. ಉಣುಗನ್ನು ದೂರವಿಡುವ ಡೇಪಾ ತೈಲವನ್ನು ಆರೋಗ್ಯ ಇಲಾಖೆ ಕೊಡುತ್ತದೆ. ಅದನ್ನು ತರಿಸಿಟ್ಟು, ಕೈಕಾಲಿಗೆ ಹಚ್ಚಿಕೊಳ್ಳದೆ ಯಾರೂ ಕಾಡು ಹತ್ತಕೂಡದೆಂದು ಹೇಳುವುದು ಕೆಲಸ ಹೇಳಿದವರ ಹೊಣೆ. ಮೈತುಂಬ ಬಟ್ಟೆ, ಪ್ಯಾಂಟು, ಬೂಟು ಕೊಡಿಸಿ. ಒಂದು ಕ್ವಿಂಟಾಲ್ ಅಡಿಕೆಯ ಬೆಲೆಯ ಮುಂದೆ ಅದು ಎಷ್ಟರ ಖರ್ಚು? ಹೊರೆಯ ಲೆಕ್ಕದಲ್ಲಿ ಕೂಲಿ ಕೊಟ್ಟರೆ ತೈಲ ಹಚ್ಚಿಕೊಳ್ಳಲು, ಮೈ ನೋಡಿಕೊಳ್ಳಲು ಯಾರೂ ನಿಲ್ಲುವುದಿಲ್ಲ, ಆದ್ದರಿಂದ ದಿನದ ಲೆಕ್ಕದಲ್ಲೇ ಕೊಡಿ. ಸಂಜೆ ಮರಳಿದವರಿಗೆ ನಿಮ್ಮ ಬಚ್ಚಲ ಹಂಡೆಯ ಬಿಸಿನೀರು, ಸೋಪು ಸಿಗಲಿ. ಉಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿದ ಮೇಲೆಯೇ ಅವರು ಮನೆಗೆ, ಮಕ್ಕಳ ಬಳಿಗೆ ಹೋಗುವಂತಾಗಲಿ. ಬಚ್ಚಲನ್ನು ಬಿಟ್ಟುಕೊಡಲು ಮನಸ್ಸು ಹಿಂಜರಿದರೆ, ಅದಕ್ಕಿರುವ ಕಾರಣವನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಕಾಡಿನ ಕಡವೆ, ಜಿಂಕೆ, ಕಾಡುಕೋಣಗಳ ರಕ್ತ ಹೀರಿ ಬೆಳೆಯುವ ಉಣುಗಿಗೆ ನಮ್ಮ ದನಗಳೂ ಅಷ್ಟೇ ಒಳ್ಳೆಯ ಆಸರೆ. ಬೆಟ್ಟಕ್ಕೆ ಬಿಟ್ಟ ದನ ಸಂಜೆ ಅಂಗಳಕ್ಕೆ ಬರುವಾಗ ಮೈಮೇಲೆ ಅವನ್ನೂ ಹೊತ್ತು ತರುತ್ತದೆ. ಪಶುವೈದ್ಯರನ್ನು ಕೇಳಿ ಈಗಲೇ ದನಗಳಿಗೆ ಔಷಧಿ ಮಾಡಿಸಿ. ಮನೆಯ ಸುತ್ತಲ ಪೊದೆ ಸವರಿ, ಮಕ್ಕಳು ದರಗಿನ ರಾಶಿಯ ಮೇಲೆ ಉರುಳಾಡದಂತೆ ನೋಡಿಕೊಳ್ಳಿ.

ಇನ್ನು ಸತ್ತ ಮಂಗದ ವಿಷಯ. ಇದನ್ನು ಕೈಮುಗಿದು ಹೇಳುತ್ತೇನೆ: ಮುಚ್ಚಿಡಬೇಡಿ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳೆಲ್ಲ ಅಲ್ಲೇ ಸುತ್ತ ನೆಲಕ್ಕೆ ಉದುರುತ್ತವೆ, ಆ ಜಾಗ ವಾರಗಟ್ಟಲೆ ಅಪಾಯದ್ದಾಗಿಯೇ ಉಳಿಯುತ್ತದೆ. ಅಧಿಕಾರಿಗಳ ಓಡಾಟದ ರಗಳೆ ಯಾಕೆಂದು ಸುಮ್ಮನಿದ್ದರೆ ನಾಳೆ ಅದೇ ದಾರಿಯಲ್ಲಿ ಸೌದೆಗೆ ಹೋಗುವ ಹುಡುಗನಿಗೆ ಯಾರು ಹೇಳುತ್ತಾರೆ? ಮುಟ್ಟದೆ, ಎಳೆಯದೆ, ಕೂಡಲೇ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿ. ಮಂಗಗಳ ಮೇಲೆ ಸಿಟ್ಟು ತೀರಿಸಿಕೊಳ್ಳುವವರೂ ಇದ್ದಾರೆ. ಅವುಗಳನ್ನು ಕೊಲ್ಲುವ ಉಣುಗೇ ನಮ್ಮನ್ನೂ ಕೊಲ್ಲುತ್ತದೆ. ನಮಗಿಂತ ಮೊದಲು ಸತ್ತು ಎಚ್ಚರಿಸುವ ಜೀವಗಳ ಮೇಲೆ ಕಲ್ಲೆತ್ತುವುದು ಯಾವ ನ್ಯಾಯ?

ಒಮ್ಮೆಲೇ ಏರುವ ಜ್ವರ, ಸೀಳುವ ತಲೆನೋವು, ಮೈಕೈ ನೋವು, ಕೆಂಪಾದ ಕಣ್ಣು ಕಂಡರೆ ಅಂಗಡಿಯ ಮಾತ್ರೆ ನುಂಗಿ ಮಲಗುವ ಹೊತ್ತಲ್ಲ. ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ರೋಗಾಣುವನ್ನೇ ಕೊಲ್ಲುವ ಮದ್ದಿಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆದವರು ಬಹುಪಾಲು ಬದುಕುತ್ತಾರೆ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸುವುದೂ ಉಂಟು, ಮೈಮರೆಯಬೇಡಿ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಯಿಲೆಯವರ ಮನೆಗೆ ಹೋಗಿಬರುವುದನ್ನು ನಿಲ್ಲಿಸಿದವರು, ದಯವಿಟ್ಟು ಇವತ್ತೇ ಹೋಗಿ ಮಾತಾಡಿಸಿ ಬನ್ನಿ.

ಸರ್ಕಾರಕ್ಕೂ ಒಂದು ಮಾತು. ದಶಕಗಳ ಕಾಲ ಕೊಟ್ಟ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದಿರಿ. ಸಾಲದ ಲಸಿಕೆಯನ್ನು ನಿಲ್ಲಿಸಿದ್ದು ಸರಿಯೇ. ಆದರೆ ಕ್ಯಾಸನೂರಿನಲ್ಲಿ ರೋಗಾಣು ಸಿಕ್ಕಿ ಅರವತ್ತು ವರ್ಷ ದಾಟಿದ ಮೇಲೂ ಮಲೆನಾಡಿನ ಬಡವರು ಒಳ್ಳೆಯ ಲಸಿಕೆಗಾಗಿ ಕಾಯುವಂತಾದದ್ದು ಹೇಗೆ? ಈ ಜ್ವರ ನಗರಗಳ ಜ್ವರವಾಗಿದ್ದರೆ ಇಷ್ಟು ತಡವಾಗುತ್ತಿತ್ತೆ? ಹೊಸ ಲಸಿಕೆ ಬರುವವರೆಗೆ ತೈಲ, ಪರೀಕ್ಷೆ, ಆಂಬುಲೆನ್ಸು, ಚಿಕಿತ್ಸೆಯ ಖರ್ಚು, ಇವುಗಳಲ್ಲಿ ಯಾವುದಕ್ಕೂ ಜನ ಅಲೆಯಬಾರದು. ತೈಲದ ಬಾಟಲಿ ಮೊದಲ ದರಗಿನ ಹೊರೆ ಇಳಿಯುವ ಮುಂಚೆಯೇ ಪ್ರತಿ ಕೇರಿಗೆ ತಲುಪಬೇಕು. ತಲುಪದಿದ್ದರೆ ಈ ವಾರದ ಗ್ರಾಮಸಭೆಯಲ್ಲೇ ಎದ್ದು ನಿಂತು ಕೇಳಿ. ಕೂಲಿಯ ಅಕ್ಕತಂಗಿಯರ ಜೊತೆಗೆ ತೋಟದವರೂ ನಿಲ್ಲಿ.